ಅರ್ಜಿಯೊಳಗಿನ ದೊಡ್ಡ ಮನುಷ್ಯ

ಇಂಗ್ಲಿಷಿನಲ್ಲಿ ನಾನು ಸುಳ್ಳು ಬರೆಯುವಷ್ಟು ಸರಾಗವಾಗಿ ಕನ್ನಡದಲ್ಲಿ ನಿಜವನ್ನೂ ಬರೆಯಲಾರೆ. ಡೈರಿ ನೋಡಿಯೇ ಹೇಳುತ್ತಿದ್ದೇನೆ. ಯುಗಾದಿಯಿಂದೀಚೆಗೆ ರಾಜಾಜಿನಗರದ ನಮ್ಮ ಬೀದಿಯವರಿಗೆ ಬರೆದುಕೊಟ್ಟ ಕೆಲಸದ ಅರ್ಜಿ ಹದಿನೇಳು. 'ಹಾರ್ಡ್‌ವರ್ಕಿಂಗ್' ಎಂದು ಬರೆದದ್ದು ನಲವತ್ತೊಂದು ಸಲ. ಅದರಲ್ಲಿ ನಾಲ್ಕು ಸಲ, ಕೂತಲ್ಲೇ ಗೊರಕೆ ಹೊಡೆಯುವ ನಮ್ಮ ಸೋದರಮಾವನ ಬಗ್ಗೆ. ಕೆಲಸ ಸಿಕ್ಕಿದ್ದು ಮೂವರಿಗೆ. ಮೂರನೆಯದರ ಮುಂದೆ ಪ್ರಶ್ನೆಚಿಹ್ನೆ ಇದೆ.

ಆ ಮೂರನೆಯವರು ಎದುರುಮನೆಯ ಮುನಿಸ್ವಾಮಣ್ಣ. ಬಟ್ಟೆ ಗಿರಣಿಯಲ್ಲಿ ಹತ್ತೊಂಬತ್ತು ವರ್ಷ ಮಗ್ಗದ ಮುಂದೆ ನಿಂತು ಅವರ ಮಂಡಿ ಸೋತಿತ್ತು. ನಮ್ಮ ಪಕ್ಕದಲ್ಲೇ ತೆರೆದ ಹೊಸ ಕಾರ್ಖಾನೆಯ ಉಗ್ರಾಣದಲ್ಲಿ ಕೂತು ಮಾಡುವ ಕೆಲಸ ಖಾಲಿಯಿತ್ತು. ಇದೂ ತಪ್ಪಿದರೆ ದೀಪಾವಳಿ ಹೊತ್ತಿಗೆ ಕೋಲು ಹಿಡಿಯಬೇಕು ಅಂದರು. ಗಿರಣಿಯಲ್ಲಿ ಏನು ಮಾಡುತ್ತೀರಿ ಎಂದು ಕೇಳಿದೆ.

"ನೂಲು ಕಡಿದ್ರೆ ಗಂಟು ಹಾಕ್ತೀನಿ ಕಣಪ್ಪ. ಅಷ್ಟೇ."

'ಅಷ್ಟೇ' ಎಂಬುದು ಅರ್ಜಿಯ ಇಂಗ್ಲಿಷಿಗೆ ಒಗ್ಗುವುದಿಲ್ಲ. ಅದು ಕೋಟು ತೊಡದೆ ಹೊಸಿಲು ದಾಟುವ ಭಾಷೆಯಲ್ಲ. ನೂಲಿನ ಗಂಟು 'ಉತ್ಪಾದನೆಗೆ ಒದಗುವ ಅಡಚಣೆಗಳ ತ್ವರಿತ ನಿವಾರಣೆ' ಆಯಿತು. ಪಕ್ಕದ ಮಗ್ಗದವನಿಗೆ ಎಲೆಅಡಿಕೆ ಕೊಡುತ್ತಿದ್ದದ್ದು 'ಸಹೋದ್ಯೋಗಿಗಳ ಯೋಗಕ್ಷೇಮ'. ಎರಡು ಪುಟ ತುಂಬಿತು. ಓದು ಬಾರದ ಮುನಿಸ್ವಾಮಣ್ಣ ಅದನ್ನು ಕಣ್ಣಿಗೊತ್ತಿಕೊಂಡು ಒಯ್ದರು.

ಸಂದರ್ಶನದಲ್ಲಿ ಸಾಹೇಬರು, ಹೆಸರಿದ್ದ ಮೊದಲ ಸಾಲು ಬಿಟ್ಟು, ಉಳಿದದ್ದನ್ನು ಕನ್ನಡದಲ್ಲಿ ಓದಿ ಹೇಳಿದರಂತೆ. ಇದು ಬೇರೆ ಯಾರದೋ ಕಾಗದ ಎಂದುಕೊಂಡ ಇವರು ಕೈಕಟ್ಟಿ ಪೂರ್ತಿ ಕೇಳಿದರಂತೆ. ಆಮೇಲೆ ಮಂಡಿ ಹಿಡಿದುಕೊಂಡು ಎದ್ದರಂತೆ.

"ಇಷ್ಟು ದೊಡ್ಡೋರು ಬಂದಿರೋವಾಗ ನನ್ನನ್ಯಾಕೆ ಕರೆಸಿದ್ರಿ ಸ್ವಾಮಿ? ಅವರಿಗೇ ಕೊಟ್ಬಿಡಿ."

ಸಾಹೇಬರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರಂತೆ. "ಆ ದೊಡ್ಡೋರು ನಮಗೆ ಬೇಡ. ಸೋಮವಾರದಿಂದ ನೀವೇ ಬನ್ನಿ" ಅಂದರಂತೆ.

ಮುನಿಸ್ವಾಮಣ್ಣ ನನಗೆ ಮೈಸೂರು ಪಾಕು ತಂದುಕೊಟ್ಟು, ನಿನ್ನ ಇಂಗ್ಲಿಷಿನಿಂದಲೇ ಆಯಿತಪ್ಪ ಎಂದು ಹರಸಿದರು. ಮೈಸೂರು ಪಾಕು ತಿಂದೆ. ಪ್ರಶ್ನೆಚಿಹ್ನೆ ಹಾಕಿದ್ದು ಆಮೇಲೆ.

ಅಂದಿನಿಂದ ಯಾವ ಅರ್ಜಿಯನ್ನೂ ಕನ್ನಡದಲ್ಲಿ ಓದಿ ಹೇಳದೆ ಕೊಡುವುದಿಲ್ಲ. ಕಳೆದ ವಾರ ನನ್ನದೇ ಅರ್ಜಿ ಬರೆದೆ, ಗುಮಾಸ್ತೆ ಕೆಲಸಕ್ಕೆ. ಅಕ್ಕಿ ಆರಿಸುತ್ತಿದ್ದ ಅಮ್ಮನಿಗೆ, ಯಾರದೆಂದು ಹೇಳದೆ, ಓದಿದೆ. ಅವಳು ಮೊರದಿಂದ ತಲೆಯೆತ್ತದೆ ಕೇಳಿದಳು:

"ಒಳ್ಳೇ ಹುಡುಗನ ಹಾಗಿದಾನೆ ಕಣೋ. ಯಾರ ಮನೆಯವನು?"

ಹೊಸ ಹಾಳೆ ತೆಗೆದಿದ್ದೇನೆ. ನಾಲ್ಕು ದಿನಕ್ಕೆ ಮೂರು ಸಾಲು ಬಂದಿವೆ. ಮೂರೂ ನಿಜ.