ಬಾಗಿಲು ಹಿಡಿದವನ ಬಸ್ಸು

ಆಸ್ಟ್ರೇಲಿಯಾದ ಉತ್ತರ ತುದಿಯ ಡಾರ್ವಿನ್ ಊರು ನೋಡಲು ಬಂದವರಿಗೆ ಥೆಮೆಲಿಸ್ ಮೊದಲು ಮಾಡುತ್ತಿದ್ದ ಉಪಚಾರವೆಂದರೆ ಬೈಗುಳ. ಅವರು ಬಸ್ಸು ಹತ್ತಿ ಕೂರುವ ಮೊದಲೇ ಮೈಕು ಹಿಡಿದು ಶುರುಮಾಡುತ್ತಿದ್ದ. "ನೀರು ಚೆಂದ ಕಾಣ್ತದೆ ಅಂತ ಇಳೀಬೇಡಿ. ಮಳೆಗಾಲದಲ್ಲಿ ಲೋಳೆಮೀನು ಸುಡ್ತದೆ. ಒಣಗಾಲದಲ್ಲಿ ಮೊಸಳೆ ನುಂಗ್ತದೆ. ಎರಡರಿಂದಲೂ ಉಳಕೊಂಡ್ರೆ ನಾನಿದ್ದೀನಿ."

ಜನ ನಗುತ್ತಿದ್ದರು. ಅವನು ನಗುತ್ತಿರಲಿಲ್ಲ. ದಕ್ಷಿಣದ ದೊಡ್ಡ ಊರುಗಳಿಂದ ಬಿಳೀ ಟೋಪಿ ಹಾಕಿಕೊಂಡು ಬರುವವರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿ. ಆದರೆ ಅವರನ್ನೇ ಹೊತ್ತು ತಿರುಗುವುದು ಅವನ ಹೊಟ್ಟೆಪಾಡು. ಯುದ್ಧಕಾಲದಲ್ಲಿ ಎಣ್ಣೆ ತುಂಬಲು ಬಂಡೆಯೊಳಗೆ ಕೊರೆದ ಸುರಂಗ ತೋರಿಸುತ್ತಿದ್ದ. ಉಬ್ಬರದ ನೀರಿನ ಜೊತೆ ದಡಕ್ಕೆ ಬಂದು ಕೈಯಿಂದಲೇ ರೊಟ್ಟಿ ಕಿತ್ತುಕೊಳ್ಳುವ ಮೀನುಗಳನ್ನು ತೋರಿಸುತ್ತಿದ್ದ. ಸಂಜೆ ಕಡಲದಂಡೆಯ ಸಂತೆಗೆ ಕರೆದೊಯ್ದರೆ, ಸೂರ್ಯ ಮುಳುಗಿದ ಕೂಡಲೇ ಜನ ಚಪ್ಪಾಳೆ ತಟ್ಟುತ್ತಾರಲ್ಲ, ಅದನ್ನು ಕಂಡು ಇವನು ನೆಲಕ್ಕೆ ಉಗಿಯುತ್ತಿದ್ದ. "ಅವನು ದಿನಾ ಮುಳುಗ್ತಾನೆ. ಅದಕ್ಕೇನು ಚಪ್ಪಾಳೆ? ಹಂಗಾದ್ರೆ ನಾನು ದಿನಾ ಮಲಗ್ತೀನಿ, ಮನೇಗೆ ಬಂದು ತಟ್ಟಿ."

ದೋಣಿ ಇಳಿಸುವ ಇಳಿಜಾರಿನ ಹತ್ತಿರ ಬಂದಾಗ ಅವನ ಬೈಗುಳ ನೆತ್ತಿಗೇರುತ್ತಿತ್ತು. ನಮ್ಮ ಕೊಲ್ಲಿಯಲ್ಲಿ ಉಬ್ಬರವೆಂದರೆ ಎರಡಂತಸ್ತಿನ ಮನೆಯಷ್ಟು ನೀರು ಏರುತ್ತದೆ. ಪ್ರತಿ ವರ್ಷ ಹೊರಗಿನವನೊಬ್ಬ ತನ್ನ ಗಾಡಿಯನ್ನು ಇಳಿಜಾರಿನ ಬುಡದಲ್ಲಿ ನಿಲ್ಲಿಸಿ, ಮೇಲೆ ಹೋಗಿ ಒಂದು ಬಿಯರ್ ಕುಡಿದು ಬರುವಷ್ಟರಲ್ಲಿ ಕಡಲು ಗಾಡಿಯನ್ನು ಕುಡಿದಿರುತ್ತದೆ. "ನೋಡಿ, ಇಲ್ಲೇ," ಅನ್ನುತ್ತಿದ್ದ ಥೆಮೆಲಿಸ್. "ನಿಮ್ಮಂಥೋರ ಬುದ್ಧಿಯನ್ನ ತೊಳೆಯೋ ಜಾಗ ಇದು."

ಹಗಲಿನ ಸುತ್ತಿನ ಕೊನೆಗೆ ಬರುತ್ತಿದ್ದುದು ಮ್ಯೂಸಿಯಂ. ಅಲ್ಲೊಂದು ಕತ್ತಲೆ ಕೋಣೆ. ಎಪ್ಪತ್ತನಾಲ್ಕರ ಕ್ರಿಸ್ಮಸ್ ರಾತ್ರಿ ಊರನ್ನು ನೆಲಸಮ ಮಾಡಿದ ಚಂಡಮಾರುತದ ಸದ್ದನ್ನು ಅಲ್ಲಿ ಕೇಳಿಸುತ್ತಾರೆ. ಥೆಮೆಲಿಸ್ ಒಳಗೆ ಕಾಲಿಡುತ್ತಿರಲಿಲ್ಲ. ಹೊರಗೆ ನಿಂತಿದ್ದು, ಜನ ಬೆಳ್ಳಗಾದ ಮುಖ ಹೊತ್ತು ಬಂದಾಗ ತನ್ನ ಕಥೆ ಹೇಳುತ್ತಿದ್ದ. ಕಂಬಗಳ ಮೇಲೆ ನಿಂತ ಮರದ ಮನೆ. ಚಾವಣಿ ಹಾರಿಹೋಯಿತು. ಅವ್ವನನ್ನೂ ಅಕ್ಕ ಥೆಮೆಲಿನಾಳನ್ನೂ ಸ್ನಾನದ ತೊಟ್ಟಿಯಲ್ಲಿ ಮಲಗಿಸಿ ಮೇಲೆ ಹಾಸಿಗೆ ಹೊದಿಸಿ, ಹದಿನೈದರ ಈ ಹುಡುಗ ಬಚ್ಚಲ ಬಾಗಿಲಿಗೆ ಬೆನ್ನು ಕೊಟ್ಟು ಕೂತ. ಬೆಳಗಾದಾಗ ಕಂಬಗಳ ಮೇಲೆ ಬಚ್ಚಲೊಂದೇ ಉಳಿದಿತ್ತು. "ಆ ಬಾಗಿಲು ಹಿಡಿದದ್ದು ಈ ಬೆನ್ನು," ಎಂದು ತಿರುಗಿ ನಿಲ್ಲುತ್ತಿದ್ದ. ಆಗ ಬೈಗುಳವೂ ಇಲ್ಲ, ಕುಹಕವೂ ಇಲ್ಲ. ಅವನ ಆಸ್ತಿಯೆಂದರೆ ಅದೊಂದೇ. ಹೆಂಡತಿ ಬಿಟ್ಟುಹೋದಳು, ಮಕ್ಕಳಾಗಲಿಲ್ಲ, ಚರ್ಚಿನವರಿಗೂ ಕ್ಲಬ್ಬಿನವರಿಗೂ ಅವನ ನಾಲಿಗೆ ಬೇಡ. ಆ ಬೆನ್ನಿನಿಂದಲೇ ಅವನು ಊರಲ್ಲಿ ತಲೆ ಎತ್ತಿ ನಡೆಯುತ್ತಿದ್ದ.

ಆ ರಾತ್ರಿ ಆ ಬಚ್ಚಲಲ್ಲಿ ಇನ್ನೊಬ್ಬನಿದ್ದ. ಪಕ್ಕದ ಮನೆಯ ಸಕೆಲ್ಲಾರಿಸ್. ಹಬ್ಬದ ಊಟಕ್ಕೆಂದು ಬಂದು ಸಿಕ್ಕಿಬಿದ್ದವನು. ಮುಂದೆ ಅವನೇ ಥೆಮೆಲಿನಾಳನ್ನು ಮದುವೆಯಾಗಿ ಇವನಿಗೆ ಭಾವನಾದ. ನಮ್ಮವರು ಗ್ರೀಸಿನ ಕಲಿಮ್ನೋಸ್ ದ್ವೀಪದಿಂದ ಬಂದವರು. ಕಡಲ ತಳದ ಸ್ಪಂಜು ಕಿತ್ತು ಬದುಕಿದವರ ಮಕ್ಕಳು. ನೀರನ್ನು ಬಿಟ್ಟಿರಲಾರೆವು, ಜಗಳವನ್ನಂತೂ ಬಿಡುವ ಮಾತೇ ಇಲ್ಲ. ಸಕೆಲ್ಲಾರಿಸ್ ಒಂದು ಚಪ್ಪಟೆ ದೋಣಿ ಕೊಂಡು ಸೂರ್ಯಾಸ್ತ ತೋರಿಸುವ ಕೆಲಸಕ್ಕಿಳಿದ. ಹಗಲೆಲ್ಲ ಬಸ್ಸಿನಲ್ಲಿ ಬೈಸಿಕೊಂಡವರನ್ನು ಸಂಜೆ ಇವನು ಅವನ ದೋಣಿಗೆ ದಾಟಿಸುತ್ತಿದ್ದ. ವರ್ಷಗಟ್ಟಲೆ ಹಾಗೇ ನಡೆಯಿತು.

ಒಂದು ದಿನ ಅಡಿಲೇಡಿನ ಮುದುಕಿಯೊಬ್ಬಳು ದೋಣಿಯಿಂದ ಇಳಿದು ನೇರ ಥೆಮೆಲಿಸನ ಹತ್ತಿರ ಬಂದಳು. ಅವನ ಕೆನ್ನೆ ಸವರಿದಳು. "ನಿಮ್ಮ ಭಾವ ಎಷ್ಟು ಚೆನ್ನಾಗಿ ಹೇಳಿದ್ರು! ರಾತ್ರಿಯೆಲ್ಲ ಬಾಗಿಲು ಹಿಡಿದು ನಿಮ್ಮನ್ನೆಲ್ಲ ಉಳಿಸಿದ್ರಂತೆ. ಪಾಪ, ನೀವು ತೊಟ್ಟಿಯೊಳಗೆ ಅಮ್ಮನ್ನ ತಬ್ಬಿಕೊಂಡು ಅಳ್ತಿದ್ರಂತೆ. ಮ್ಯೂಸಿಯಂ ಹತ್ತಿರ ನೀವು ಹೇಳಿದ್ದು ಬೇರೆ ಥರ ಇತ್ತಲ್ಲ?"

ಅಲ್ಲಿಗೆ ಮುಗಿಯಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ಇಲ್ಲಿ ಅದು ಹೋದದ್ದು ಅಡಿಕೆಗೂ ಅಲ್ಲ, ಬರೀ ಬಾಯಿಮಾತಿಗೆ.

ಮುಂದಿನ ಭಾನುವಾರ ಥೆಮೆಲಿಸ್ ಭಾವನನ್ನು ಚರ್ಚಿನ ಅಂಗಳದಲ್ಲೇ ಹಿಡಿದುಕೊಂಡ. "ಲೋ, ನಿನ್ನ ಕಥೆ ನಿನಗಿಲ್ವಾ? ನನ್ನದನ್ನ ಯಾಕೋ ಕದೀತೀಯ?"

"ಕದಿಯೋದೇನು ಬಂತು? ನಾನೂ ಅಲ್ಲೇ ಇದ್ದೆ. ಬಾಗಿಲು ನನ್ನ ಭುಜದ ಮೇಲಿತ್ತು. ಈಗಲೂ ಮಳೆ ಬಂದ್ರೆ ನೋಯ್ತದೆ."

"ನೋಯೋದು ನಿನ್ನ ಕುಡುಕ ಭುಜ. ಬಾಟಲಿ ಎತ್ತೆತ್ತಿ ನೋಯ್ತದೆ."

"ಅಳುಬುರುಕ! ನಿಮ್ಮವ್ವ ಅವತ್ತು ನಿನ್ನ ಬಾಯಿಗೆ ಲಂಗದ ಅಂಚು ತುರುಕಿದ್ದು ಮರೆತುಹೋಯ್ತಾ?"

ಪಾದ್ರಿಗಳು ನಡುವೆ ಬರದಿದ್ದರೆ ಅವತ್ತೇ ರಕ್ತ ಬೀಳುತ್ತಿತ್ತು. ಅಂದಿನಿಂದ ಬಸ್ಸಿನವರು ದೋಣಿ ಹತ್ತುವುದು ನಿಂತಿತು. ಈಸ್ಟರಿನಲ್ಲಿ ಕೆಂಪು ಮೊಟ್ಟೆ ತಾಗಿಸಿ ಒಡೆಯುವಾಗ ಒಬ್ಬರ ಮೊಟ್ಟೆಗೆ ಒಬ್ಬರು ತಾಗಿಸಲಿಲ್ಲ. ಥೆಮೆಲಿನಾ ಇಬ್ಬರಿಗೂ ಊಟ ಬಡಿಸುತ್ತಿದ್ದಳು, ಇಬ್ಬರ ಮಾತಿಗೂ ಹ್ಞೂಂ ಅನ್ನುತ್ತಿರಲಿಲ್ಲ. ಯಾರದು ನಿಜ ಎಂದು ನನ್ನನ್ನೂ ಎಷ್ಟೋ ಜನ ಕೇಳಿದರು. ಆ ರಾತ್ರಿ ನಾನು ನನ್ನ ಮನೆಯ ಊಟದ ಮೇಜಿನ ಕೆಳಗಿದ್ದೆ. ಪರರ ಬಾಗಿಲು ನೋಡುವ ಪುರುಸೊತ್ತು ನನಗಿರಲಿಲ್ಲ.

ಹೋದ ಒಣಗಾಲದಲ್ಲಿ, ಪ್ರವಾಸಿಗಳು ಇರುವೆಯಂತೆ ಮುತ್ತಿದ್ದ ದಿನಗಳಲ್ಲಿ, ಇವನ ಬಸ್ಸಿನಲ್ಲಿ ಮುಂದೆ ಕೂತ ಒಬ್ಬ ಇವನನ್ನು ನೋಡಿ ಹೆಂಡತಿಗೆ ಹೇಳಿದ: "ನಿನ್ನೆ ದೋಣಿಯವನು ಹೇಳಿದ ಅಳುಬುರುಕ ಇವನೇ ಇರಬೇಕು." ಥೆಮೆಲಿಸ್ ಗಾಡಿ ತಿರುಗಿಸಿದ. ಜನರನ್ನು ಅವರವರ ಹೋಟೆಲಿನಲ್ಲಿ ಇಳಿಸಿ ಖಾಲಿ ಬಸ್ಸು ತಂದು ನನ್ನ ಮನೆ ಮುಂದೆ ನಿಲ್ಲಿಸಿದ.

"ಮಿಕೆಸಣ್ಣ, ಹತ್ತು. ಇವತ್ತು ಅವನ ಬಾಯಿ ಮುಚ್ಚಿಸ್ತೀನಿ. ನನ್ನ ಎದುರಿಗೆ ಹೇಳಲಿ, ನೋಡೇಬಿಡ್ತೀನಿ."

ಎರಡು ಹುಂಜ ಕಾದಾಡುವಾಗ ಬಿಡಿಸಲು ಯಾರಾದರೂ ಬೇಕಲ್ಲ, ಹತ್ತಿದೆ.

ಸಕೆಲ್ಲಾರಿಸನ ದೋಣಿ, ಇಳಿಜಾರಿನ ತುದಿಗೆ ಮೂಗು ತಾಗಿಸಿ ಜನ ಹತ್ತಿಸುತ್ತಿತ್ತು. ಥೆಮೆಲಿಸ್ ಬಸ್ಸನ್ನು ದಡದಡ ಕೆಳಗಿಳಿಸಿ, ನೀರಿನ ಬಾಯಲ್ಲೇ ನಿಲ್ಲಿಸಿ, ಬೀಗದ ಕೈ ಜೇಬಿಗಿಟ್ಟ. ನೀರು ಆಗಲೇ ಏರತೊಡಗಿತ್ತು.

"ಮೇಲೆ ನಿಲ್ಲಿಸೋ," ಅಂದೆ.

"ಎರಡು ಮಾತಾಡಿ ಬರ್ತೀನಿ. ನೀರಿನ ಲೆಕ್ಕ ನೀನು ನಂಗೆ ಹೇಳಿಕೊಡ್ತೀಯಾ?"

ಹೇಳಬಾರದಿತ್ತು ನಾನು. ನಮ್ಮವನಿಗೆ ನೀರಿನ ವಿಷಯದಲ್ಲಿ ಬುದ್ಧಿ ಹೇಳಿದರೆ ಬೇಕೆಂದೇ ಉಲ್ಟಾ ಮಾಡುತ್ತಾನೆ. ಜನರನ್ನು ತಳ್ಳಿಕೊಂಡು ದೋಣಿಗೆ ನೆಗೆದ. ನಾನೂ ಹಿಂದೆ ಹತ್ತಿದೆ.

"ಹೇಳೋ! ನನ್ನ ಮುಖ ನೋಡಿಕೊಂಡು ಹೇಳು, ಯಾರು ತೊಟ್ಟಿಯೊಳಗಿದ್ದೋನು?"

ಸಕೆಲ್ಲಾರಿಸ್ ಇವನನ್ನು ನೋಡಿದ, ಬಸ್ಸನ್ನು ನೋಡಿದ. ಅವನ ಮುಖದಲ್ಲಿ ನಿಧಾನವಾಗಿ ಒಂದು ನಗು ಎದ್ದಿತು. "ಹೇಳ್ತೀನಿ ಬಾಮೈದ. ಕೂತ್ಕೋ." ಹಾಗಂದವನೇ ಹಗ್ಗ ಬಿಚ್ಚಿ ದೋಣಿಯನ್ನು ಹಿಂದಕ್ಕೆ ಎಳೆದ. ನಾವು ಏನೆಂದು ತಿಳಿಯುವಷ್ಟರಲ್ಲಿ ನಡುವೆ ಮನೆಯಗಲ ನೀರಿತ್ತು. ಆ ನೀರಿಗೆ ನಮ್ಮೂರಲ್ಲಿ ಯಾರೂ ಹಾರುವುದಿಲ್ಲ. ಕೆಳಗೆ ಯಾರ ವಾಸ ಎಂದು ಎಲ್ಲರಿಗೂ ಗೊತ್ತು.

ಬೈಗುಳದ ಸುರಿಮಳೆಯಾಯಿತು. ಗ್ರೀಕಿನಲ್ಲಿ ಮುಗಿದ ಮೇಲೆ ಇಂಗ್ಲಿಷಿಗೆ ಬಂದರು, ಪ್ರವಾಸಿಗಳು ಮಕ್ಕಳ ಕಿವಿ ಮುಚ್ಚಿದರು. ದೋಣಿ ಕೊಲ್ಲಿಯ ನಡುವೆ ನಿಂತಿತು. ಸಕೆಲ್ಲಾರಿಸ್ ಮೈಕು ತೆಗೆದುಕೊಂಡು ತನ್ನ ಕಥೆ ಶುರುಮಾಡಿದ. ಗಾಳಿ, ಕಂಬ, ತೊಟ್ಟಿ. ಥೆಮೆಲಿಸ್ ಕಟಕಟ ಹಲ್ಲು ಕಡಿಯುತ್ತ ಎದ್ದವನು, ದಡದ ಕಡೆ ಕಣ್ಣು ಹೋಗಿ ಅಲ್ಲೇ ನಿಂತುಬಿಟ್ಟ. ಬಸ್ಸಿನ ಮುಂದಿನ ಚಕ್ರಗಳು ಕಾಣುತ್ತಿರಲಿಲ್ಲ.

"ಭಾವ," ಅಂದ. ಎರಡು ವರ್ಷದಲ್ಲಿ ಮೊದಲ ಸಲ. "ದೋಣಿ ತಿರುಗಿಸು."

"ಓಹೋ, ಈಗ ಭಾವ ಆದೆನಾ?"

"ಬಸ್ಸು ಹೋಗ್ತದೆ ಕಣೋ."

"ಹೋಗ್ತದೆ. ನೀನೇ ದಿನಾ ಹೇಳ್ತೀಯಲ್ಲ, ಬುದ್ಧಿ ತೊಳೆಯೋ ಜಾಗ ಅಂತ." ಮೈಕನ್ನು ಮುಂದೆ ಹಿಡಿದ. "ತಗೋ. ಬಾಗಿಲು ಹಿಡಿದೋನು ಸಕೆಲ್ಲಾರಿಸ್ ಅಂತ ಇವರ ಮುಂದೆ ಒಂದು ಸಲ ಹೇಳು. ಈ ಗಳಿಗೇಲಿ ತಿರುಗಿಸ್ತೀನಿ."

"ಥೂ, ನೀನು ಮನುಷ್ಯನಾ?" ಎಂದು ನಾನು ಕೂಗಿದೆ.

"ನೀನು ಸುಮ್ನಿರು ಮಿಕೆಸಣ್ಣ. ಇದು ನಮ್ಮಿಬ್ಬರ ಬಚ್ಚಲಿನ ಮಾತು."

ಥೆಮೆಲಿಸ್ ಮೈಕು ತೆಗೆದುಕೊಂಡ. ನಾನು ಅವನ ಕಿವಿಯಲ್ಲಿ ಹೇಳಿದೆ: "ಹೇಳಿ ಸಾಯಿ. ಬಾಯಿಮಾತು ತಾನೇ? ಆ ಬಸ್ಸು ಹೋದರೆ ನಿನಗೆ ಗಂಜಿಯಿಲ್ಲ. ಈ ವಯಸ್ಸಿನಲ್ಲಿ ಇನ್ನೊಂದು ಎಲ್ಲಿಂದ ತರ್ತೀಯ? ನಾಳೆ ಬೆಳಿಗ್ಗೆ ಬೇಕಾದ್ರೆ ಸುಳ್ಳು ಅಂತ ಹೇಳಿಕೋ."

ಅವನು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ದಡಕ್ಕೆ ಬೆನ್ನು ಹಾಕಿ, ಜನರ ಕಡೆ ಮುಖ ಮಾಡಿ ಕೂತ.

"ನಮ್ಮ ಮನೆ ಕಂಬದ ಮೇಲಿತ್ತು," ಎಂದು ಶುರುಮಾಡಿದ. ಅವಸರ ಮಾಡಲಿಲ್ಲ. ಚಾವಣಿಯ ತಗಡು ಒಂದೊಂದೇ ಕಿತ್ತುಹೋದದ್ದು, ಅವ್ವ ಸಂತ ನಿಕೋಲಾಸನ ಹೆಸರು ಹೇಳುತ್ತ ಅವನನ್ನೇ ಬೈದದ್ದು, ಪಕ್ಕದ ಮನೆಯ ಫ್ರಿಜ್ಜು ಗಾಳಿಯಲ್ಲಿ ಹಾರಿ ಹೋದದ್ದು, ಎಲ್ಲ ಹೇಳಿದ. ಆ ಕಥೆಯನ್ನು ನಾನು ನೂರು ಸಲ ಕೇಳಿದ್ದೇನೆ, ಅಷ್ಟು ಚೆನ್ನಾಗಿ ಅವನು ಯಾವತ್ತೂ ಹೇಳಿರಲಿಲ್ಲ. ಜನ ಸೂರ್ಯನನ್ನು ಬಿಟ್ಟು ಇವನ ಬಾಯಿ ನೋಡುತ್ತಿದ್ದರು. ಅವನ ಬೆನ್ನ ಹಿಂದೆ ಬಸ್ಸಿನ ಮೆಟ್ಟಿಲು ಹೋಯಿತು, ದೀಪ ಹೋಯಿತು, ಪಕ್ಕದಲ್ಲಿ ಬರೆಸಿದ್ದ ಅವನ ಹೆಸರು ಹೋಯಿತು.

ಸಕೆಲ್ಲಾರಿಸನ ಮುಖದ ನಗು ಯಾವಾಗಲೋ ಇಂಗಿಹೋಗಿತ್ತು. ಇವನು ಸೋಲುತ್ತಾನೆಂದು ಅವನು ಲೆಕ್ಕ ಹಾಕಿದ್ದ. ಕಥೆ ಇನ್ನೂ ಬಾಗಿಲಿಗೆ ಬಂದಿರಲಿಲ್ಲ, ಅಷ್ಟರಲ್ಲಿ ತಾನೇ ಚುಕ್ಕಾಣಿ ಹೊರಳಿಸಿ ದಡದ ಕಡೆ ಬಿಟ್ಟ. "ಸಾಕು ನಿಲ್ಲಿಸೋ ಹಠಮಾರಿ! ಹಗ್ಗ ಕಟ್ಟಿ ಎಳೆಯೋಣ, ನಿಲ್ಲಿಸು!" ಎಂದು ಕೂಗಿದ. ಥೆಮೆಲಿಸ್ ನಿಲ್ಲಿಸಲಿಲ್ಲ. ನಾವು ತಲುಪುವಾಗ ನೀರು ಕಿಟಕಿಯೊಳಗೆ ನುಗ್ಗಿ, ಸೀಟಿನ ಮೇಲಿದ್ದ ಅವನ ಟೋಪಿಯನ್ನು ಇನ್ನೊಂದು ಕಿಟಕಿಯಿಂದ ಹೊರಗೆ ತರುತ್ತಿತ್ತು.

"ಬಾಗಿಲು ಹಿಡಿದದ್ದು ಈ ಬೆನ್ನು," ಎಂದು ಮುಗಿಸಿ, ಮೈಕನ್ನು ಭಾವನ ಕಾಲಬುಡಕ್ಕೆ ಎಸೆದ.

ನೀರು ಇಳಿದ ಮೇಲೆ ಬಸ್ಸನ್ನು ಎಳೆದು ತೆಗೆದರು. ಉಪ್ಪುನೀರು ಕುಡಿದ ಇಂಜಿನ್ನು ಮತ್ತೆ ಉಸಿರಾಡುವುದಿಲ್ಲ. ಎಳೆಯುವ ಲಾರಿಯವನು ಎಲ್ಲಿಗೆ ಅಂದಾಗ ಥೆಮೆಲಿಸ್ ಭಾವನ ಮನೆಯ ವಿಳಾಸ ಕೊಟ್ಟ. ಮಾರನೆಯ ಬೆಳಿಗ್ಗೆ ಸಕೆಲ್ಲಾರಿಸ್ ಎದ್ದು ನೋಡಿದರೆ, ಅಂಗಳದ ಮಾವಿನ ಮರದ ಕೆಳಗೆ ಕೆಸರು ಕಾರುತ್ತ, ಏಡಿ ಉದುರಿಸುತ್ತ ಬಸ್ಸು ನಿಂತಿದೆ. ಕಿರುಚಾಟ ನನ್ನ ಮನೆಯ ತನಕ ಕೇಳಿಸಿತು. ಹೋದೆ. ಥೆಮೆಲಿನಾ ಕಾಫಿ ಬಟ್ಟಲು ಹಿಡಿದು ಮೆಟ್ಟಿಲ ಮೇಲೆ ಕೂತಿದ್ದಳು.

"ನಿನ್ನ ತಮ್ಮನಿಗೆ ಹೇಳೇ, ಈ ಹೆಣ ಎತ್ತಿಸಲಿ!" ಎಂದು ಗಂಡ ಕೂಗಾಡುತ್ತಿದ್ದ.

"ಕೊಂದೋನು ನೀನು, ನೀನೇ ಮಣ್ಣು ಮಾಡು," ಅಂದಳು ಅವಳು.

"ನೀನಾದರೂ ಹೇಳೇ ಇವತ್ತು," ಎಂದು ಅವನು ಅವಳೆದುರು ನಿಂತ. "ಮಿಕೆಸಣ್ಣನೂ ಇದ್ದಾನೆ. ಬಾಗಿಲು ಹಿಡಿದೋನು ಯಾರು?"

ಅವಳು ಕಾಫಿಯ ಗಸಿಯನ್ನು ಬಸ್ಸಿನ ಕಡೆ ಚೆಲ್ಲಿದಳು. "ಕಗ್ಗತ್ತಲು. ನನ್ನ ಮೇಲೆ ಅವ್ವ, ಅವ್ವನ ಮೇಲೆ ಹಾಸಿಗೆ. ಯಾವನ ಬೆನ್ನು ಎಲ್ಲಿತ್ತೋ ನಾನೇನು ಕಂಡೆ? ಅವ್ವಾ ಅವ್ವಾ ಅಂತ ಎರಡು ಗಂಟಲು ಕಿರುಚ್ತಿದ್ವು, ಅದೊಂದು ಕೇಳಿಸ್ತು. ಹೋಗಿ ಅದನ್ನ ಹೇಳಿ ನಿಮ್ಮ ಟೋಪಿ ಜನಕ್ಕೆ." ಒಳಗೆ ಹೋದಳು. ಅವಳ ಬಾಯಿಂದ ನಾನು ಕೇಳಿದ್ದು ಅಷ್ಟೇ. ಅದನ್ನು ಥೆಮೆಲಿಸನಿಗೆ ಮುಟ್ಟಿಸಿದೆ. "ಅಕ್ಕನಿಗೆ ಕಿವಿ ಮಂದ, ಚಿಕ್ಕಂದಿನಿಂದಲೂ," ಅಂದ.

ಬಸ್ಸಿಲ್ಲದವನು ಮೂಲೆ ಹಿಡಿಯುತ್ತಾನೆ ಎಂದುಕೊಂಡಿದ್ದೆವು. ಹದಿನೈದು ದಿನ ಕಾಣಲಿಲ್ಲ ಕೂಡ. ಆಮೇಲೊಂದು ಸಂಜೆ ಮಡಚುವ ಕುರ್ಚಿ ಕಂಕುಳಲ್ಲಿಟ್ಟುಕೊಂಡು ಬಂದು, ಇಳಿಜಾರಿನ ನೆತ್ತಿಯ ಮೇಲೆ, ದೋಣಿ ಹತ್ತಲು ಜನ ಸಾಲುಗಟ್ಟುವ ಜಾಗದ ಪಕ್ಕದಲ್ಲೇ ಹಾಕಿಕೊಂಡು ಕೂತ. ಅದು ಊರಿನ ಜಾಗ, ಏಳು ಎನ್ನಲು ಯಾರಪ್ಪನಿಗೂ ಹಕ್ಕಿಲ್ಲ. ಮೊದಲು ಸಾಲಿನಲ್ಲಿದ್ದವರ ಚಪ್ಪಲಿ, ಟೋಪಿ, ಹುಟ್ಟಿದ ಊರು ಎಲ್ಲವನ್ನೂ ಬೈದ. ಅವರು ನಗುತ್ತ ಸುತ್ತ ನೆರೆದ ಮೇಲೆ ಕಥೆ ಶುರುಮಾಡಿದ, ಬಿಟ್ಟಿಯಾಗಿ. ಈಗ ಅದಕ್ಕೊಂದು ಹೊಸ ತುಂಡು ಸೇರಿದೆ. ತೊಟ್ಟಿಯೊಳಗೆ ಅವ್ವನ ಕಾಲ ಸಂದಿಯಲ್ಲಿ ಮುಖ ಹುದುಗಿಸಿ ಅತ್ತವನು ಪಕ್ಕದ ಮನೆಯ ಹತ್ತೊಂಬತ್ತು ವರ್ಷದ ಕೋಣ. "ಈಗ ನೀವು ಹತ್ತೋ ದೋಣೀಲಿ ಚುಕ್ಕಾಣಿ ಹಿಡಿದಿರ್ತಾನೆ. ಗುರುತು ಬೇಕಾದ್ರೆ, ಭುಜ ನೋಯ್ತದೆ ಅಂತಾನೆ ನೋಡಿ."

ಸಕೆಲ್ಲಾರಿಸ್ ದೋಣಿಯಲ್ಲಿ ಮೈಕು ಹಿಡಿದು 'ನನ್ನ ಭುಜ' ಅಂದದ್ದೇ ತಡ, ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಎರಡನೆಯ ದಿನವೂ ಹಾಗೇ. ಮೂರನೆಯ ದಿನ ಅವನು ಮೊಸಳೆಯ ಹಲ್ಲಿನ ಬಗ್ಗೆ ಮಾತಾಡಿದ. ಚಂಡಮಾರುತದ ಸುದ್ದಿ ಅವನ ದೋಣಿಯಲ್ಲಿ ಮತ್ತೆ ಬರಲಿಲ್ಲ.

ಹಾಗೆಂದು ಸುಮ್ಮನಾಗುವ ಜಾತಿಯೇ ಅದು? ಥೆಮೆಲಿಸ್ ಬಾಗಿಲಿನ ಹತ್ತಿರ ಬರುತ್ತಿದ್ದಂತೆ ಸಕೆಲ್ಲಾರಿಸ್ ಕೆಳಗಿನಿಂದ ದೋಣಿಯ ಹಾರ್ನ್ ಒತ್ತಿ ಹಿಡಿಯುತ್ತಾನೆ. ಕೊಲ್ಲಿಯ ಹಕ್ಕಿಗಳೆಲ್ಲ ಎದ್ದು ಹಾರುತ್ತವೆ. ಥೆಮೆಲಿಸ್ ಗಂಟಲು ಹರಿಯುವಂತೆ ಕೂಗುತ್ತಾನೆ, ಅವನು ಬಿಡುವುದಿಲ್ಲ, ಇವನೂ ಬಿಡುವುದಿಲ್ಲ. ಮೊನ್ನೆ ಸಾಲಿನಲ್ಲಿ ನಿಂತ ಹೆಂಗಸೊಬ್ಬಳು ನನ್ನ ಹತ್ತಿರ ಬಂದು, ಈ ಇಬ್ಬರು ಮುದುಕರ ಜಗಳ ದಿನಾ ಎಷ್ಟು ಹೊತ್ತಿಗೆ ಶುರು, ನಾಳೆ ತಂಗಿಯನ್ನೂ ಕರಕೊಂಡು ಬರಬೇಕು ಎಂದು ಕೇಳಿದಳು.

"ಉಬ್ಬರ ನೋಡ್ಕೊಂಡು ಬಾರಮ್ಮ," ಅಂದೆ. "ಗಾಡಿ ಮಾತ್ರ ಮೇಲೆ ನಿಲ್ಲಿಸು."

ಹಾರ್ನ್ ನಿಂತಿತು. ಥೆಮೆಲಿಸ್ ಕೆಳಗೆ ನೋಡಿ ಕ್ಯಾಕರಿಸಿ ಉಗಿದು, ಜನರ ಕಡೆ ತಿರುಗಿದ. "ಎಲ್ಲಿಗೆ ಬಂದಿದ್ದೆ? ಹಾಂ, ಆ ಕೋಣ ತೊಟ್ಟಿಯೊಳಗೆ."

ಕೆಳಗಿನಿಂದ ಹಾರ್ನ್ ಮತ್ತೆ ಶುರುವಾಯಿತು.