ಕವಿತಾಳ ಸಂತೆಗೆ ಬಂದ ಮೀನು

1983ರಲ್ಲಿ ನಾನು ರಾಯಚೂರಿನ ದಿನಪತ್ರಿಕೆಯೊಂದಕ್ಕೆ ಮಾನ್ವಿ, ದೇವದುರ್ಗ ತಾಲೂಕುಗಳ ವರದಿಗಾರನಾಗಿದ್ದೆ. ಏಳನೆಯ ತರಗತಿಗೇ ಶಾಲೆ ಬಿಟ್ಟವನು. ಆದರೆ ಸೈಕಲ್ ತುಳಿದು ಹೋಗಿ ಕಣ್ಣಾರೆ ಕಾಣದೆ ಒಂದು ಸುದ್ದಿಯನ್ನೂ ಕಳಿಸಿದವನಲ್ಲ. ಮಳೆ, ಬೆಳೆ, ಕೆರೆ, ಕಾಲುವೆ ಎಲ್ಲವೂ ನನ್ನ ಪಾಲಿನವು. ಅದಕ್ಕೆ ‘ಪರಿಸರ ವರದಿ’ ಎಂಬ ಹೆಸರು ಆಗಿನ್ನೂ ನಮ್ಮ ಕಚೇರಿಗೆ ಬಂದಿರಲಿಲ್ಲ.

ಹತ್ತಿಗೆ ಔಷಧ ಹೊಡೆಯುವ ಕಾಲ. ಕವಿತಾಳದ ಹತ್ತಿರದ ಹಳ್ಳಿಯೊಂದರ ಕೆರೆಯಲ್ಲಿ ಮೀನು ಸತ್ತು ತೇಲುತ್ತಿವೆ ಎಂದು ತಿಳಿದು ಬೆಳಿಗ್ಗೆಯೇ ಹೋದೆ. ಯಾರೋ ಎಂಡ್ರಿನ್ ಎಂಬ ಕೀಟನಾಶಕದ ಡಬ್ಬಿಗಳನ್ನು ಕೆರೆಯಲ್ಲೇ ತೊಳೆದು ದಂಡೆಗೆ ಎಸೆದಿದ್ದರು. ನೀರಿನ ತುಂಬ ಬಿಳಿ ಹೊಟ್ಟೆಗಳು. ಬುಟ್ಟಿಗೆ ಮೀನು ತುಂಬುತ್ತಿದ್ದ ಹನುಮಂತ ಎಂಬವನಿಗೆ ದೊಡ್ಡದೊಂದನ್ನು ಎತ್ತಿ ಹಿಡಿಯಲು ಹೇಳಿ ಫೋಟೋ ತೆಗೆದೆ.

“ಇವನ್ನ ತಿನಬ್ಯಾಡ್ರಪಾ, ವಿಷ ಅದ,” ಎಂದೆ.

“ಇಲ್ರೀ, ನಾವ್ಯಾಕ ತಿಂತೀವ್ರೀ,” ಎಂದ.

ನೆಮ್ಮದಿಯಿಂದ ಕವಿತಾಳಕ್ಕೆ ಬಂದು, ಸುದ್ದಿ ಬರೆದು, ಫಿಲ್ಮ್ ರೋಲಿನೊಂದಿಗೆ ಲಕೋಟೆಗೆ ಹಾಕಿ ರಾಯಚೂರು ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟೆ. ಆಗ ಸುದ್ದಿ ಹೋಗುತ್ತಿದ್ದುದೇ ಹಾಗೆ. ಅಂದು ಸಂತೆ. ಚಹಾ ಕುಡಿಯಲು ಹೊರಟವನ ಕಿವಿಗೆ ಒಂದು ಕೂಗು ಬಿತ್ತು.

“ಬರ್ರಿ, ಬರ್ರಿ. ಪೇಪರ್‌ನವ್ರು ಬಂದು ಫೋಟೋ ಹೊಡಕೊಂಡು ಹೋದ ಮೀನ.”

ಹನುಮಂತ. ಅರ್ಧ ಬುಟ್ಟಿ ಆಗಲೇ ಖಾಲಿಯಾಗಿತ್ತು. ಜನರನ್ನು ಸರಿಸಿ ಅವನ ಮುಂದೆ ಹೋಗಿ ನಿಂತೆ.

“ಏನ್ ಮಾಡಾಕತ್ತೀಯಲೇ? ಮುಂಜಾನಿ ಹೇಳಿದ್ದು ಮರತೇನು?”

“ತಿನಬ್ಯಾಡ ಅಂದ್ರಿ, ತಿಂದಿಲ್ಲ. ಮಾರಬ್ಯಾಡ ಅಂದಿದ್ರೇನು?”

ಸುತ್ತಲಿನವರು ನಕ್ಕರು. ವಿಷವೆಂದು ಎಷ್ಟು ಹೇಳಿದರೂ ಯಾರೂ ನಂಬಲಿಲ್ಲ. ಸೆರಗಿನಲ್ಲಿ ಮೀನು ಕಟ್ಟಿಕೊಂಡಿದ್ದ ಒಬ್ಬ ಹೆಂಗಸು, “ಕೆಟ್ಟ ಮೀನಿನ ಫೋಟೋ ಯಾರರ ತಗೀತಾರೇನ್ರೀ? ಇವಗ ಪುಕ್ಕಟೆ ಸಿಗಲಿಲ್ಲಂತ ಸಿಟ್ಟು,” ಎಂದಳು.

ನಾನು ಹನುಮಂತನ ಕಡೆ ತಿರುಗಿದೆ. “ಹಂಗಾರ ಇದರಾಗಿನ ಎರಡು ಮೀನ ನಿನ್ನ ಮನಿಗೆ ಕಳಸು. ನಿನ್ನ ಮಕ್ಕಳು ಉಣ್ಣಲಿ.”

ಅವನು ತಕ್ಕಡಿ ಕೆಳಗಿಟ್ಟ. ತಲೆ ಎತ್ತಲಿಲ್ಲ. ಆ ಹೆಂಗಸು ಅವನ ಮುಖವನ್ನೇ ನೋಡುತ್ತ ಮೆಲ್ಲಗೆ ಸೆರಗು ಬಿಚ್ಚಿ ಮೀನನ್ನು ಮಣ್ಣಿಗೆ ಸುರಿದಳು.

ಡಂಗುರದವನನ್ನು ಕರೆತಂದು ಸಂತೆಯ ಉದ್ದಕ್ಕೂ ಸಾರಿಸಿದೆ. ಕೆಲವರು ಓಡಿ ಬಂದು ಮೀನು ಚೆಲ್ಲಿದರು. ದೇವದುರ್ಗದ ಬಸ್ಸು ಮಾತ್ರ ಅಷ್ಟರಲ್ಲಿ ಹೊರಟುಹೋಗಿತ್ತು. ಅದರಲ್ಲಿ ಎಷ್ಟು ಮೀನು ಹೋಯಿತು, ಯಾರ ಒಲೆ ಏರಿತು, ಇಂದಿಗೂ ನನಗೆ ಗೊತ್ತಿಲ್ಲ.

ಸುದ್ದಿ ಮೂರನೆಯ ದಿನ ಅಚ್ಚಾಯಿತು, ಫೋಟೋ ಸಮೇತ. ಸಂಪಾದಕರು ಹೊಗಳಿದರು. ಆದರೆ ಆ ವೃತ್ತಿಯಲ್ಲಿ ಇದ್ದಷ್ಟು ಕಾಲ, ನೀರು ಕೆಟ್ಟ ಸುದ್ದಿ ಸಿಕ್ಕಾಗಲೆಲ್ಲ ನಾನು ಮೊದಲು ಹೋದದ್ದು ಡಂಗುರದವನ ಮನೆಗೆ, ಆಮೇಲೆ ಲಕೋಟೆ ಹಿಡಿದು ಬಸ್ ನಿಲ್ದಾಣಕ್ಕೆ.