ತಿಮ್ಮಣ್ಣನ ಹಿತ್ತಲಿನ ಹಕ್ಕರಕಿ

ತಿಮ್ಮಣ್ಣ ಬಸ್ಸು ಓಡಿಸುತ್ತಿದ್ದ ಕಾಲದಲ್ಲಿ ಅವನ ಗಾಡಿಯೊಳಗೆ ಶೇಂಗಾ ತಿಂದು ಸಿಪ್ಪೆ ಚೆಲ್ಲಿದವರಿಗೆ ಉಳಿಗಾಲವಿರಲಿಲ್ಲ. ಬಾದಾಮಿ ಸ್ಟ್ಯಾಂಡಿನಲ್ಲಿ ಗಾಡಿ ನಿಲ್ಲಿಸಿದವನೇ ಹಿಂದಕ್ಕೆ ತಿರುಗಿ, "ಯಾರಪಾ ಸಿಪ್ಪಿ ಒಗದಾಂವ? ನಿಮ್ಮ ಮನ್ಯಾಗೂ ಹಿಂಗ ಒಗೀತಿಯೇನು?" ಎಂದು ಗುಡುಗುತ್ತಿದ್ದ. ಅಂಥ ಮನುಷ್ಯ ನಿವೃತ್ತನಾಗಿ ಮನೆಯಲ್ಲಿ ಕೂತರೆ ಆ ಕಣ್ಣು ಸುಮ್ಮನಿರುತ್ತದೆಯೇ? ಬಾಗಲಕೋಟೆಯ ನವನಗರದಲ್ಲಿದ್ದ ತನ್ನ ಮನೆಯ ಹಿತ್ತಲಿನ ಮೇಲೆ ಬಿತ್ತು.

ಹಿತ್ತಲಲ್ಲಿ ಒಂದು ಕರಿಬೇವು, ಒಂದು ನಿಂಬೆ ಗಿಡ, ಉಳಿದದ್ದೆಲ್ಲ ಕಸ. ಹಾಗಂತ ಅವನ ಲೆಕ್ಕ. ಹೆಂಡತಿ ತಾಯವ್ವನ ಲೆಕ್ಕವೇ ಬೇರೆ. ತವರೂರು ಬೇವೂರಿನಿಂದ ನಿಂಬೆ ಗಿಡಕ್ಕೆಂದು ತಂದ ತಿಪ್ಪೆಗೊಬ್ಬರದ ಜೊತೆ ಹಕ್ಕರಕಿ ಸೊಪ್ಪಿನ ಬೀಜವೂ ಬಂದು, ನೆಲಕ್ಕೆ ಅಂಟಿಕೊಂಡು ಹಿತ್ತಲ ತುಂಬ ಹಬ್ಬಿತ್ತು. ಬಿಸಿ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೊಸರು, ಪಕ್ಕದಲ್ಲಿ ಒಂದು ಹಿಡಿ ಹಸಿ ಹಕ್ಕರಕಿ ಇದ್ದರೆ ಆಕೆಗೆ ಹಬ್ಬವೇ ಬೇಡ. "ಕಸ ಅಂತ ಕಸ! ನಾಲಿಗಿ ಸತ್ತವರಿಗೆ ಎಲ್ಲಾನೂ ಕಸನ," ಎನ್ನುತ್ತಿದ್ದಳು.

ಪಕ್ಕದ ಮನೆಯ ಚಂದ್ರಶೇಖರಪ್ಪ ಪ್ರತಿ ಸಂಜೆ ಬಂದು ಕಟ್ಟೆಯ ಮೇಲೆ ಕೂತು ಉಪದೇಶ ಮಾಡುವವನು. ಅವನ ಹಿತ್ತಲು ತಿಕ್ಕಿ ತೊಳೆದಿಟ್ಟ ತಾಟಿನಂತೆ ಬೋಳಾಗಿತ್ತು.

"ಕಸದ ಎಣ್ಣಿ ಹೊಡದ ಬಿಡ್ರಿ ತಿಮ್ಮಣ್ಣಾರ. ಹುಳ ಇಲ್ಲ, ಹುಪ್ಪಡಿ ಇಲ್ಲ."

"ಹೊಡದ್ರ ಅದರಾಗಿನ ಪಲ್ಲೆ ತಿನ್ನಾಕ ಬರತೈತೇನ್ರಿ?" ಎಂದು ತಾಯವ್ವ ಒಳಗಿನಿಂದಲೇ ಕೇಳುವಳು. ಇನ್ನೊಂದು ಪಕ್ಕದ ಮನೆಯ ಲಾಡಬಿ ತನ್ನ ಗೋಡೆಯಾಚೆಯಿಂದ, "ನಮ್ಮ ಆಡು ಸತ್ರ ಯಾರ ಕೊಡ್ತಾರವ್ವ?" ಎಂದು ದನಿ ಕೂಡಿಸುವಳು. ವಾದ ಮುಗಿಯುತ್ತಿರಲಿಲ್ಲ, ಚಹಾ ಮುಗಿಯುತ್ತಿತ್ತು.

ತಿಮ್ಮಣ್ಣನದೂ ಸುಳ್ಳು ತಕರಾರಲ್ಲ, ಪಾಪ. ಸ್ಟೇರಿಂಗಿನ ಮುಂದೆ ಕೂತೂ ಕೂತೂ ಅವನ ಸೊಂಟ ಹೋಗಿತ್ತು. ಬಾಗಿದರೆ ಎತ್ತಿ ನಿಲ್ಲಿಸಲು ಇನ್ನೊಬ್ಬರು ಬೇಕು. ತಾಯವ್ವನಿಗೆ ಮೊಣಕಾಲು ನೋವು. ಅಷ್ಟಗಲ ಜಾಗಕ್ಕೆ ಆಳು ಕರೆದರೆ ಯಾರೂ ಬರುವುದಿಲ್ಲ. ಅಷ್ಟರಲ್ಲಿ ಒಂದು ಬೆಳಿಗ್ಗೆ ಒಗೆಯುವ ಕಲ್ಲಿನ ಹತ್ತಿರ ಹಾವಿನ ಪೊರೆ ಸಿಕ್ಕಿತು. ಅವತ್ತಿನಿಂದ ತಾಯವ್ವ ಬಟ್ಟೆ ಒಗೆಯಲು ಹೋದಾಗಲೆಲ್ಲ ಅವನ ಜೀವ ಬಾಯಿಗೆ ಬರುತ್ತಿತ್ತು. ಬಾಯಿಬಿಟ್ಟು ಹೇಳಿದನೇ? ಇಲ್ಲ. ಗಂಡಸಲ್ಲವೇ!

ತಾಯವ್ವ ಬಾದಾಮಿಯಲ್ಲಿದ್ದ ತಂಗಿ ಮುತ್ತವ್ವನ ಮನೆಗೆ ವಾರದ ಮಟ್ಟಿಗೆ ಹೋದಳು. ಹೋಗುವಾಗ ಬಾಗಿಲಲ್ಲಿ ನಿಂತು, "ನನ್ನ ಹಕ್ಕರಕಿ ಮುಟ್ಟಿದ್ರ ನೋಡ್ರಿ ಮತ್ತ," ಎಂದು ಬೆರಳು ತೋರಿಸಿ ಹೋದಳು. ಮೂರನೆಯ ದಿನವೇ ತಿಮ್ಮಣ್ಣ ಚಂದ್ರಶೇಖರಪ್ಪನ ಪಂಪು ತಂದು, ಬೆಳಿಗ್ಗೆ ಗಾಳಿ ಏಳುವ ಮುಂಚೆ ಹಿತ್ತಲಿಗೆಲ್ಲ ಕಳೆ ಕೊಲ್ಲುವ ಎಣ್ಣೆ ಹೊಡೆದ. ನಾಲ್ಕೈದು ದಿನದಲ್ಲಿ ಒಣಗುತ್ತದೆಂದು ಗೊಬ್ಬರದಂಗಡಿಯವ ಹೇಳಿದ್ದ. ಅಷ್ಟರಲ್ಲಿ ಇವಳು ಬರುತ್ತಾಳೆ, ಬಿಸಿಲಿಗೆ ಒಣಗಿತು ಎಂದರಾಯಿತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ಎಲ್ಲ ಮುಗಿಸಿ, ಪಂಪು ಕೊಟ್ಟು ಬಂದು, ಸ್ನಾನ ಮಾಡಿ, ಮಧ್ಯಾಹ್ನ ಗಡದ್ದಾಗಿ ನಿದ್ದೆ ಹೊಡೆದ.

ಎಚ್ಚರವಾದಾಗ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು!

"ಯಾವಾಗ ಬಂದಿ?"

"ಆಗಲೇ ಬಂದೇನ್ರಿ. ಮಕ್ಕೊಂಡಿದ್ರಿ, ಎಬ್ಬಿಸಲಿಲ್ಲ." ತಾಯವ್ವ ನಗುತ್ತ ತಾಟು ತಂದು ಮುಂದಿಟ್ಟಳು. "ನಾ ಬರೂದ್ರಾಗ ನೀವು ನನ್ನ ಹಕ್ಕರಕಿಗೆ ನೀರ ಹಾಕೀರಿ! ಎಲಿ ಹೆಂಗ ಮಿಂಚಾಕತ್ತಾವು. ನಾ ನಿಮಗ ಸುಮ್ಮನ ಬೈತಿದ್ನಿ ನೋಡ್ರಿ."

ತಾಟಿನಲ್ಲಿ ಬಿಸಿ ರೊಟ್ಟಿ, ಚಟ್ನಿ, ಮೊಸರು, ಪಕ್ಕದಲ್ಲಿ ಹಸಿರು ಸೊಪ್ಪು. ರೊಟ್ಟಿ ಮುರಿಯಲು ಹೊರಟಿದ್ದ ತಿಮ್ಮಣ್ಣ ಕೈ ಹಿಂದಕ್ಕೆಳೆದುಕೊಂಡ.

"ನೀ ತಿಂದಿಯೇನು?"

"ನಿಮ್ಮನ್ನ ಬಿಟ್ಟು ಹೆಂಗ ತಿನ್ನಲಿ? ಮಲಿಕಾಗ ಮಾತ್ರ ಆಗಲೇ ಒಂದ ಉಡಿ ಕೊಟ್ಟು ಬಂದೆ. ಹುಡುಗಿಗೆ ಹಕ್ಕರಕಿ ಬಯಕಿ ಆಗೇತಿ ಅಂತ ಲಾಡಬಿ ಫೋನ್ ಮಾಡಿದ್ಳು. ಅದಕ್ಕ ಲಗೂನ ಬಂದೆ."

ಮಲಿಕಾ ಎಂದರೆ ಲಾಡಬಿಯ ಮಗಳು, ಚೊಚ್ಚಲ ಹೆರಿಗೆಗೆ ತವರಿಗೆ ಬಂದ ತುಂಬು ಬಸುರಿ. ತಿಮ್ಮಣ್ಣ ತಾಟು ಅತ್ತ ಸರಿಸಿ ಎದ್ದು ಓಡಿದ. ಅವನ ಸೊಂಟ ಆಗ ಎಲ್ಲಿತ್ತೋ ಅವನಿಗೇ ಗೊತ್ತಿಲ್ಲ.

ಮಲಿಕಾ ಗೋಡೆಗೊರಗಿ ಕೂತು, ರೊಟ್ಟಿಯ ಚೂರಿನಲ್ಲಿ ಹಕ್ಕರಕಿ ಮಡಚಿ ಬಾಯಿಯ ಹತ್ತಿರ ತಂದಿದ್ದಳು. ತಿಮ್ಮಣ್ಣ ಆ ಕೈಗೆ ರಪ್ಪೆಂದು ಹೊಡೆದ. ತುತ್ತು ನೆಲಕ್ಕೆ ಬಿತ್ತು. ಬಸುರಿಯ ಕೈಯಿಂದ ತುತ್ತು ಕಸಿದವನನ್ನು ಲಾಡಬಿ ಬಾಯಿ ತೆರೆದು ನೋಡಿದಳು.

"ತಿಂದಿಯೇನವ್ವಾ? ಖರೆ ಹೇಳ!"

"ಇಲ್ಲ ಕಾಕಾ, ಇದ ಮೊದಲನೇ ತುತ್ತು..."

"ಎಣ್ಣಿ ಹೊಡದೇನಿ," ಎಂದ. "ಮುಂಜಾನಿ ನಾನ ಹೊಡದೇನಿ." ಹೇಳುತ್ತ ಹೇಳುತ್ತ ಬಾಗಿಲಲ್ಲೇ ಕುಸಿದು ಕೂತ. ಹಿಂದೆಯೇ ಓಡಿಬಂದಿದ್ದ ತಾಯವ್ವ ಎಲ್ಲ ಕೇಳಿಸಿಕೊಂಡಳು. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಆಕೆ ಬೈಯಲಿಲ್ಲ. ಸೊಪ್ಪನ್ನೆಲ್ಲ ಆಯ್ದು ಕಸಕ್ಕೆ ಹಾಕಿ, ಮಲಿಕಾಳ ಕೈ ಸಾಬೂನು ಹಚ್ಚಿ ತೊಳೆಸಿ, ಮನೆಗೆ ಬಂದು ಒಣರೊಟ್ಟಿ ತಿಂದು ಮಲಗಿದಳು.

ಮರುದಿನ ಬೆಳಿಗ್ಗೆ ತಿಮ್ಮಣ್ಣ ಬೇವೂರಿನ ಬಸ್ಸು ಹತ್ತಿದ. ತಾಯವ್ವನ ತಮ್ಮ ಅಂದಪ್ಪ ಹೊಲದಲ್ಲೇ ಸಿಕ್ಕ. ಬದುವಿನುದ್ದಕ್ಕೂ ಹಕ್ಕರಕಿ ನಳನಳಿಸುತ್ತಿತ್ತು. ಕೈ ಹಾಕಬೇಕೆಂದವನು ತಡೆದು ನಿಂತ.

"ಇಲ್ಲಿ ಎಣ್ಣಿ ಹೊಡದಿಯೇನೋ?"

"ಮೊನ್ನಿ ಹೊಡದೇನ್ರಿ ಮಾವ. ಆಳು ಎಲ್ಲಿ ಸಿಗ್ತಾವು? ನಿಮಗ ತಿನ್ನಾಕ ಬೇಕಂದ್ರ ಬಾವಿ ಹಿಂದ ಹೋಗ್ರಿ, ಅಲ್ಲಿ ಪಂಪು ತಿರುಗಿಲ್ಲ."

ಅಂದಪ್ಪನ ಮೇಲೆ ಸಿಟ್ಟು ಮಾಡಲು ತಿಮ್ಮಣ್ಣನಿಗೆ ಬಾಯಿ ಎಲ್ಲಿತ್ತು? ಬಾವಿಯ ಹಿಂದೆ ಹೋಗಿ ಮಣ್ಣಿನಲ್ಲೇ ಕುಂಡಿಯೂರಿ ಕೂತು, ಸರಿದು ಸರಿದು ಒಂದು ಚೀಲ ಕಿತ್ತ. ಏಳುವಾಗ ಅಂದಪ್ಪ ಬಂದು ಕೈ ಕೊಡಬೇಕಾಯಿತು.

ಲಾಡಬಿಯ ಮನೆಗೆ ಚೀಲ ತಂದಾಗ ತಾಯವ್ವ ಅಲ್ಲೇ ಇದ್ದಳು. ಮಲಿಕಾ ಒಂದು ಎಲೆ ಎತ್ತಿಕೊಂಡಳು. ಮೂಸಿದಳು. ಇನ್ನೊಂದು ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು.

"ಕಾಕಾ, ಇದಕ್ಕ ಏನೂ ಹೊಡದಿಲ್ಲಲ್ಲ?"

ಹುಡುಗಿ ಹಂಗಿಸಲು ಕೇಳಿದ್ದಲ್ಲ, ಹೆದರಿ ಕೇಳಿದ್ದು. ತಿಮ್ಮಣ್ಣ "ಇಲ್ಲವ್ವ" ಎಂದ. ತನ್ನ ಮಾತಿಗೆ ಇನ್ನು ಬೆಲೆ ಇಲ್ಲವೆಂದು ಅವನಿಗೇ ಅನ್ನಿಸಿತು. ಚೀಲಕ್ಕೆ ಕೈ ಹಾಕಿ, ಒಂದು ಹಿಡಿ ಸೊಪ್ಪು ತೊಳೆದು ಬಾಯಿಗೆ ತುರುಕಿಕೊಂಡು, ಬರೀ ಸೊಪ್ಪನ್ನೇ ಅಗಿಯತೊಡಗಿದ. ಕಹಿಗೆ ಕಣ್ಣಲ್ಲಿ ನೀರು ಬಂತೋ, ಬೇರೆ ಯಾತಕ್ಕೆ ಬಂತೋ.

ಆಗ ತಾಯವ್ವ ಎದ್ದು, ಅದೇ ಚೀಲದಿಂದ ಒಂದು ಎಲೆ ತೆಗೆದು ತೊಳೆದು ತನ್ನ ಬಾಯಿಗೆ ಹಾಕಿಕೊಂಡಳು. ನಿನ್ನೆಯಿಂದ ಗಂಡನ ಮುಖ ನೋಡದವಳು ಈಗ ನೋಡಿದಳು.

"ತಿನ್ನ ಮಗಳ," ಎಂದಳು. "ಇವರು ಸುಳ್ಳ ಹೇಳಾಕತ್ತಿಲ್ಲ."

ಮಲಿಕಾ ರೊಟ್ಟಿ ಮುರಿದಳು. ಅವಳು ಆ ಮೊದಲ ತುತ್ತು ನುಂಗುವವರೆಗೂ ತಿಮ್ಮಣ್ಣ ಉಸಿರು ಬಿಡಲಿಲ್ಲ.